ಗುಂಡಿನ ತೂಕವೂ ನಳಿಗೆಯ ಸುರುಳಿಯೂ

ಬುಗುರಿಯಾಡುವ ಹುಡುಗರಿಗೆ ತಿಳಿದಿರುವ ಒಂದು ಸಂಗತಿ ದೊಡ್ಡವರಿಗೆ ಅನೇಕ ವೇಳೆ ಮರೆತುಹೋಗಿರುತ್ತದೆ. ಗಿಡ್ಡಗೆ ದಪ್ಪಗಿರುವ ಬುಗುರಿ ಸಾಧಾರಣವಾದ ಬೀಸಿಗೇ ನೆಟ್ಟಗೆ ನಿಂತು ತಿರುಗುತ್ತದೆ. ಉದ್ದವಾಗಿ ಸಪುರವಾಗಿರುವುದನ್ನು ನಿಲ್ಲಿಸಬೇಕಾದರೆ ಚಾಟಿಯನ್ನು ಬಿಗಿಯಾಗಿ ಸುತ್ತಿ ಬಲವಾಗಿ ಸೆಳೆಯಬೇಕು. ವೇಗ ಕುಂದಿದೊಡನೆಯೇ ಅದು ತಲೆದೂಗಿ ಉರುಳಿಬಿಡುತ್ತದೆ. ಕೋವಿಯ ಗುಂಡಿನ ಶಾಸ್ತ್ರವು ಈ ಆಟದಲ್ಲಿ ಬೀಜರೂಪವಾಗಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಹಿಂದಿನ ಕಾಲದ ಕೋವಿಗಳ ನಳಿಗೆಯ ಒಳಮೈ ನುಣುಪು. ಅವುಗಳ ಗುಂಡು ಉರುಟು. ಉರುಟಾದ ವಸ್ತುವಿಗೆ ಮುಂದು ಹಿಂದು ಎಂಬ ಭೇದವಿಲ್ಲವಾದ್ದರಿಂದ ಅದು ಗಾಳಿಯಲ್ಲಿ ಹೇಗೆ ಹೊರಳಿದರೂ ಒಂದೇ. ಆದರೆ ಗುಂಡು ಉದ್ದವಾಗಿ, ಮೂತಿ ಚೂಪಾದಾಗ, ಎದುರುಗಾಳಿಯು ಆ ಮೂತಿಯನ್ನು ಹಿಡಿದು ಗುಂಡನ್ನು ಮಗುಚಲು ಯತ್ನಿಸುತ್ತದೆ. ಬಾಣವನ್ನು ಇಂಥ ಅಪಾಯದಿಂದ ಕಾಪಾಡುವುದು ಅದರ ಬುಡದ ಗರಿ. ಗುಂಡಿಗೆ ಗರಿಯಿಲ್ಲ, ಆದ್ದರಿಂದ ನಳಿಗೆಯ ಒಳಮೈಯಲ್ಲಿ ತಿರುಪುಮೊಳೆಯ ಹಾಗೆ ಸುರುಳಿಗೀರುಗಳನ್ನು ಕೊರೆದು, ಗುಂಡು ಅವುಗಳನ್ನು ಕಚ್ಚಿಕೊಂಡು ತಿರುಗುತ್ತ ಹೊರಬೀಳುವಂತೆ ಮಾಡಿದರು. ಎಷ್ಟು ಅಂಗುಲ ಸಾಗುವಷ್ಟರಲ್ಲಿ ಒಂದು ಸುತ್ತು ಪೂರ್ಣವಾಗುವುದೋ ಅದೇ ಆ ಕೋವಿಯ ಸುರುಳಿಯ ಅಳತೆ. ಅಂಗುಲ ಕಡಿಮೆಯಾದಷ್ಟೂ ಸುರುಳಿ ಬಿಗಿ.

ಎಂಥ ಗುಂಡಿಗೆ ಎಂಥ ಸುರುಳಿ ತಕ್ಕದ್ದು? ಗುಂಡು ಭಾರವಾದಷ್ಟೂ ಸುರುಳಿ ಬಿಗಿಯಾಗಬೇಕೆಂಬುದು ಬೇಟೆಗಾರರ ರೂಢಿಯ ಮಾತು. ಪ್ರಾಯಶಃ ಅದು ನಿಜವೇ ಆಗುತ್ತದೆ. ಆದರೆ ಹೇಳುವ ಕಾರಣ ಸರಿಯಲ್ಲ. ನಮ್ಮ ನೈಯಾಯಿಕರು ಹೊಗೆಯಿಂದ ಬೆಂಕಿಯನ್ನು ಊಹಿಸಲು ಒಪ್ಪುತ್ತಾರೆ. ಬೆಂಕಿಯಿಂದ ಹೊಗೆಯನ್ನು ಊಹಿಸಲು ಒಪ್ಪುವುದಿಲ್ಲ. ಹೊಗೆ ಬರಬೇಕಾದರೆ ಹಸಿಯ ಸೌದೆಯ ಸಂಬಂಧವೂ ಬೇಕು. ಅದೇ ಅಲ್ಲಿಯ ಉಪಾಧಿ. ಇಲ್ಲಿಯೂ ಹಾಗೆಯೇ. ಒಂದೇ ನಳಿಗೆಗೆ ಹೆಚ್ಚು ತೂಕದ ಗುಂಡನ್ನು ಎರೆದರೆ ಅದು ಅಗಲವಾಗಿ ಬೆಳೆಯಲಾರದು, ಉದ್ದವಾಗಿಯೇ ಬೆಳೆಯಬೇಕು. ಬಿಗಿಯಾದ ಸುರುಳಿಯನ್ನು ಬೇಡುವುದು ಮುಖ್ಯವಾಗಿ ಆ ಉದ್ದವೇ. ತೂಕವು ಅದರ ಜತೆಯಲ್ಲಿ ಬಂದದ್ದು.

ಇದಕ್ಕೆ ಎರಡು ದೃಷ್ಟಾಂತಗಳುಂಟು. ಒಂದರಲ್ಲಿ ತೂಕ ಸಮವಾಗಿದ್ದೂ ಸುರುಳಿ ಬೇರೆಯಾಯಿತು. ಇನ್ನೊಂದರಲ್ಲಿ ತೂಕ ಬೇರೆಯಾಗಿಯೂ ಸುರುಳಿ ಹಾಗೆಯೇ ಉಳಿಯಿತು.

1857ರ ದಂಗೆಗೆ ಕಾರಣವಾದವುಗಳಲ್ಲಿ ಕೊಬ್ಬು ಸವರಿದ ತೋಟೆಯೂ ಒಂದೆಂಬುದು ಸುವಿದಿತವಷ್ಟೆ. ಆ ತೋಟೆ ಎನ್‌ಫೀಲ್ಡ್ ಕೋವಿಯದು. ಅದರ ನಳಿಗೆಯ ಬಾಯಿ 0.577 ಅಂಗುಲ, ಸುರುಳಿ 78 ಅಂಗುಲಕ್ಕೊಂದು ಸುತ್ತು, ಗುಂಡಿನ ತೂಕ 530 ಗ್ರೇನು, ಎಂದರೆ ಮೂರು ತೊಲಕ್ಕೆ ತುಸು ಕಡಿಮೆ. ಅದೇ ವರ್ಷ ಇಂಗ್ಲೆಂಡಿನ ಹೈತ್ ಎಂಬಲ್ಲಿ ಅದಕ್ಕೆ ಎದುರಾಗಿ ಮತ್ತೊಂದು ಕೋವಿಯನ್ನು ಪರೀಕ್ಷೆಗೆ ಇಟ್ಟರು. ಅದನ್ನು ಮಾಡಿದವನು ಮ್ಯಾಂಚೆಸ್ಟರಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್. ಅವನು ತನ್ನ ಮನೆಯ ಬಳಿ 500 ಗಜ ಉದ್ದದ ಮುಚ್ಚಿದ ಚಾವಡಿಯನ್ನು ಕಟ್ಟಿಸಿ, ಬಗೆಬಗೆಯ ಸುರುಳಿಗಳನ್ನು ಪ್ರಯೋಗಿಸಿ ನೋಡಿದ್ದನು. ಕೊನೆಗೆ ಅವನು ಆರಿಸಿದ ನಳಿಗೆ ಷಟ್ಕೋಣಾಕೃತಿಯದು, ಬಾಯಿ 0.451 ಅಂಗುಲ, ಸುರುಳಿ 20 ಅಂಗುಲಕ್ಕೊಂದು ಸುತ್ತು. ಗುಂಡಿನ ತೂಕ ಮಾತ್ರ ಅದೇ 530 ಗ್ರೇನು! ಸೀಸ ಅಷ್ಟೇ ಇದ್ದರೂ ಸಪುರವಾದ ನಳಿಗೆಯಲ್ಲಿ ಅದು ವ್ಯಾಸದ ಸುಮಾರು ಮೂರರಷ್ಟು ಉದ್ದಕ್ಕೆ ನೀಡಿಕೊಂಡಿತು. 500 ಗಜ ದೂರದಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ ಎರಡು ಅಡಿಗೂ ಮೀರಿ ಚದರಿದರೆ, ವಿಟ್‌ವರ್ತನವು ಅರ್ಧ ಅಡಿಯೊಳಗೆ ನಿಂತವು. 1860ರಲ್ಲಿ ವಿಂಬಲ್ಡನ್ನಿನ ಪಂದ್ಯವನ್ನು ಪ್ರಾರಂಭಿಸಿದ ವಿಕ್ಟೋರಿಯಾ ರಾಣಿಯು ಪೀಠಕ್ಕೆ ಬಿಗಿದಿದ್ದ ಇಂಥ ಕೋವಿಯ ಕುದುರೆಯನ್ನು ದಾರದಿಂದ ಎಳೆದಾಗ, 400 ಗಜದಾಚೆ ಗುಂಡು ಗುರಿಯ ನಡುವಿನಿಂದ ಒಂದೂವರೆ ಅಂಗುಲದೊಳಗೆ ಬಿದ್ದಿತು.

ವಿಟ್‌ವರ್ತನು ಪ್ರಯೋಗದಿಂದ ಕಂಡದ್ದನ್ನು ಗಣಿತದಿಂದ ಕಂಡವನು ವುಲಿಚ್ಚಿನ ಫಿರಂಗಿ ಕಾಲೇಜಿನ ಉಪಾಧ್ಯಾಯ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್. 1879ರಲ್ಲಿ ಅವನು ಕೊಟ್ಟ ಸೂತ್ರ ಬಹು ಸರಳ: ಗುಂಡಿನ ಉದ್ದವು ಅದರ ವ್ಯಾಸದ ಎಷ್ಟು ಪಾಲೋ ಅದರಿಂದ 150ನ್ನು ಭಾಗಿಸು, ಬಂದ ಲಬ್ಧವೇ ಒಂದು ಸುತ್ತಿಗೆ ಬೇಕಾದ ಉದ್ದ, ವ್ಯಾಸದ ಲೆಕ್ಕದಲ್ಲಿ. ಮೂರು ಪಾಲು ಉದ್ದದ ಗುಂಡಿಗೆ ಲಬ್ಧ 50. ವಿಟ್‌ವರ್ತನ ನಳಿಗೆಗೆ ಅನ್ವಯಿಸಿದರೆ ಸುಮಾರು ಇಪ್ಪತ್ತೆರಡೂವರೆ ಅಂಗುಲ. ಅವನು ಆರಿಸಿದ್ದು 20. ಸೀಸದ ಗುಂಡಿಗೆಂದು ಹೇಳಿದ ಈ ಸೂತ್ರದಲ್ಲಿ ತೂಕದ ಹೆಸರೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಎರಡನೆಯ ದೃಷ್ಟಾಂತ ನಮ್ಮ ಪೋಲೀಸರ ಹೆಗಲ ಮೇಲೆ ಬಹುಕಾಲ ಇದ್ದ ತ್ರೀ ನಾಟ್ ತ್ರೀ. ಇದರ ಸುರುಳಿ 10 ಅಂಗುಲಕ್ಕೊಂದು ಸುತ್ತು. ಮೊದಲು ಇದಕ್ಕೆ 215 ಗ್ರೇನಿನ ಮೊಂಡುಮೂತಿಯ ಗುಂಡು ಇದ್ದಿತು. 1910ರಲ್ಲಿ ಅದನ್ನು ಬಿಟ್ಟು 174 ಗ್ರೇನಿನ ಚೂಪುಮೂತಿಯ ಗುಂಡನ್ನು ತಂದರು. ಇದು ಒಂದು ತೊಲವೂ ತೂಗದು. ತೂಕವೇ ಕಾರಣವಾಗಿದ್ದರೆ ಸುರುಳಿಯನ್ನು ಸಡಿಲಿಸಬೇಕಾಗಿದ್ದಿತು. ಆದರೆ ಹೊಸ ಗುಂಡಿನ ಮೂತಿಯೊಳಗೆ ಸೀಸದ ಬದಲು ಹಗುರವಾದ ಅಲ್ಯೂಮಿನಿಯಂ ತುಂಬಿದ್ದರಿಂದ ತೂಕವಿಳಿದರೂ ಉದ್ದವಿಳಿಯಲಿಲ್ಲ. ಎರಡೂ ಒಂದೂಕಾಲು ಅಂಗುಲದ ಆಸುಪಾಸಿನವೇ. ಸುರುಳಿ ಇದ್ದಂತೆಯೇ ಇದ್ದಿತು. ಈ ಗುಂಡು ನಳಿಗೆಯ ಬಾಯಿಯನ್ನು ಬಿಡುವಾಗ ಸೆಕೆಂಡಿಗೆ ಸುಮಾರು 2900 ಸುತ್ತು ತಿರುಗುತ್ತಿರುತ್ತದೆ.

ಇಷ್ಟಾದರೂ ವಿಚಾರ ಮುಗಿಯಲಿಲ್ಲ. ಗುಂಡು, ನಳಿಗೆ ಎಂಬ ಇಬ್ಬರ ಒಪ್ಪಂದಕ್ಕೆ ಗಾಳಿಯೆಂಬ ಮೂರನೆಯವನ ಸಾಕ್ಷಿಯೂ ಬೇಕು. ಅಮೆರಿಕದವರ ಎಂ-16 ಕೋವಿಗೆ ಮೊದಲು 14 ಅಂಗುಲಕ್ಕೊಂದು ಸುತ್ತು ಇದ್ದಿತು. ಅದರ 55 ಗ್ರೇನಿನ ಗುಂಡು ಬೆಚ್ಚನೆಯ ಗಾಳಿಯಲ್ಲಿ ನೆಟ್ಟಗೆ ಹೋಗುತ್ತಿದ್ದಿತು. ಹಿಮಪ್ರದೇಶದ ಗಟ್ಟಿಗಾಳಿಯಲ್ಲಿ ದಾರಿತಪ್ಪಿತು. 1963ರಲ್ಲಿ ಸುರುಳಿಯನ್ನು 12 ಅಂಗುಲಕ್ಕೆ ಬಿಗಿಮಾಡಿದರು. 1980ರಲ್ಲಿ ಅಟ್ಲಾಂಟಿಕ್ ಒಕ್ಕೂಟವು 62 ಗ್ರೇನಿನ ಉಕ್ಕಿನಮೂತಿಯ ಗುಂಡನ್ನು ಒಪ್ಪಿಕೊಂಡಿತು. ಹೆಚ್ಚಿದ ತೂಕ ನಾಲ್ಕು ಗುಲಗಂಜಿಯೂ ಆಗದು. ಆದರೆ ಗುಂಡು ಉದ್ದವಾಯಿತು, ಅದರ ಜತೆಯ ಬೆಳಕಿನ ಗುಂಡು ಇನ್ನೂ ಉದ್ದವಾಯಿತು. ಮುಂದಿನ ಎಂ-16ಎ2 ಕೋವಿಗೆ 7 ಅಂಗುಲದ ಸುರುಳಿ ಬೇಕಾಯಿತು.

ಹಾಗಾದರೆ ಸುರುಳಿಯನ್ನು ಎಲ್ಲೆಡೆಯೂ ಬಿಗಿಯಾಗಿಯೇ ಇಡಬಾರದೇಕೆ? ಸುತ್ತು ಕಡಿಮೆಯಾದರೆ ಗುಂಡು ಮಗುಚಿ, ಗುರಿಹಲಗೆಯಲ್ಲಿ ಬೀಗದ ಕಂಡಿಯಂಥ ಉದ್ದನೆಯ ತೂತನ್ನು ಮಾಡುತ್ತದೆ. ಅತಿಯಾದರೆ, ಗುಂಡಿನ ಒಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಸೀಸ ಹೆಚ್ಚಿದ್ದರೂ ಆ ದೋಷ ಹಿಗ್ಗಿ ಗುರಿ ಚದರುತ್ತದೆ. ಹೊದಿಕೆ ತೆಳುವಾಗಿದ್ದರೆ ಗುಂಡು ಹಾರುತ್ತಿರುವಾಗಲೇ ಹರಿದುಹೋಗುವುದೂ ಉಂಟು.

ವಿಟ್‌ವರ್ತನ ಕೋವಿ ಪರೀಕ್ಷೆಯಲ್ಲಿ ಗೆದ್ದರೂ ಇಂಗ್ಲೆಂಡಿನ ಸೈನ್ಯ ಅದನ್ನು ಸಾಮಾನ್ಯ ಸಿಪಾಯಿಗೆ ಕೊಡಲಿಲ್ಲ. ಬೆಲೆ ಬಹಳ, ಸಪುರವಾದ ನಳಿಗೆಯಲ್ಲಿ ಮದ್ದಿನ ಮಸಿ ಬೇಗ ಕಟ್ಟುತ್ತಿದ್ದಿತು. ಗುಂಡಿಗೂ ನಳಿಗೆಗೂ ಹೊಂದಿದ್ದು ಸಿಪಾಯಿಯ ಕೈಗೂ ಬೊಕ್ಕಸಕ್ಕೂ ಹೊಂದಲಿಲ್ಲ. ಅಂಥ ಕೆಲವು ಕೋವಿಗಳು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕೈ ಸೇರಿದವು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯದಲ್ಲಿ, ಅಷ್ಟು ದೂರದಿಂದ ಗುಂಡು ತಗಲಲಾರದೆಂದು ತನ್ನವರಿಗೆ ಧೈರ್ಯ ಹೇಳುತ್ತಿದ್ದ ಸೇನಾನಿ ಜಾನ್ ಸೆಜ್ವಿಕ್ ಗುಂಡು ತಗಲಿ ಸತ್ತನು. ಅದು ವಿಟ್‌ವರ್ತನ ಕೋವಿಯ ಗುಂಡೆಂದು ಅನೇಕರ ನಂಬಿಕೆ. ನುಣುಪು ನಳಿಗೆಯ ಕಾಲದಲ್ಲಿ ಆ ಮಾತು ಸರಿಯಾಗಿದ್ದೀತು. ನಳಿಗೆಯೊಳಗೆ ಸುರುಳಿ ಬಿಗಿದ ಮೇಲೆ ಸುಳ್ಳಾಯಿತು. ಗುಂಡಿಗೆ ಎಷ್ಟು ಸುತ್ತು ಬೇಕೆಂಬುದನ್ನು ಒಂದು ಭಾಗಾಕಾರದಿಂದ ತಿಳಿಯಬಹುದು. ಅದನ್ನು ಯಾರ ಮೇಲೆ, ಯಾವಾಗ ಹಾರಿಸುವುದು ಯುಕ್ತವೆಂಬುದಕ್ಕೆ ವುಲಿಚ್ಚಿನ ಗಣಿತದಲ್ಲಿ ಸೂತ್ರವಿಲ್ಲ. ಅದನ್ನು ಕುದುರೆಯ ಮೇಲೆ ಬೆರಳಿಟ್ಟವನ ವಿವೇಕವೇ ನಿಶ್ಚಯಿಸಬೇಕು.