ಪ್ಲೇಗಿನ ಡಾಕ್ಟರ ಊಟದ ಮೇಜು

ಮಲ್ಲೇಶ್ವರದ ಫರ್ನಿಚರ್ ಅಂಗಡಿಯಲ್ಲಿ ಊಟದ ಮೇಜಿನ ನಡುವೆ ತಿರುಗುವ ಗಾಜಿನ ತಟ್ಟೆ ಕಂಡದ್ದೇ ತಡ, ಮೇಷ್ಟ್ರು ಬೆರಳು ತಾಗಿಸಿ ಒಂದು ಸುತ್ತು ತಿರುಗಿಸಿಯೇಬಿಟ್ಟರು. "ಇದು ಪ್ಲೇಗಿನ ಡಾಕ್ಟರದ್ದು, ಗೊತ್ತೇನಯ್ಯಾ?" ಎಂದರು. ಅಂಗಡಿಯ ಹುಡುಗ ಬೆಲೆಚೀಟಿ ತೋರಿಸಿದ.

ಅದಕ್ಕೂ ಮುಂಚೆ ರಜೆಗೆಂದು ಮಗಳು, ಅಳಿಯ, ಅಕ್ಕನೊಂದಿಗೆ ಮೇಷ್ಟ್ರು ಮಲೇಷ್ಯಾದ ಪೆನಾಂಗ್‌ಗೆ ಹೋಗಿದ್ದರು. ಅಲ್ಲಿನ ಜಾರ್ಜ್‌ಟೌನಿನಲ್ಲಿ ಅಳಿಯ ಎಲ್ಲರನ್ನೂ ದೊಡ್ಡ ಚೀನೀ ಹೋಟೆಲಿಗೆ ಕರೆದೊಯ್ದ. ಬಿಳಿ ಮೇಜುಬಟ್ಟೆ, ಬಿಸಿ ಟವೆಲು, ಮಲ್ಲಿಗೆ ಘಮದ ಚಹಾ. ತಿರುಗುವ ತಟ್ಟೆಯ ಒಂದು ಬದಿಗೆ ಮಂಗಳೂರಿನ ಅಳಿಯನಿಗಾಗಿ ಹಬೆಯಲ್ಲಿ ಬೇಯಿಸಿದ ಇಡೀ ಮೀನು, ತಲೆ ಬಾಲ ಸಮೇತ. ಎದುರು ಬದಿಗೆ ಮೊಟ್ಟೆಯನ್ನೂ ಮುಟ್ಟದ ಅಕ್ಕನಿಗೆ ಲೋ ಹಾನ್ ಚಾಯ್: ಅಣಬೆ, ಎಲೆಕೋಸು, ತೋಫು, ಪಾರದರ್ಶಕ ಶ್ಯಾವಿಗೆ. ಅಳಿಯ ಮೀನನ್ನು ಹತ್ತಿರ ಎಳೆದಾಗಲೆಲ್ಲ ಅಕ್ಕನ ಶ್ಯಾವಿಗೆ ದೂರ ಸರಿಯುತ್ತಿತ್ತು.

"ಎಲ್ಲರೂ ಒಂದೇ ಪಾತ್ರೆಗೆ ಕಡ್ಡಿ ಹಾಕಿದರೆ ಎಂಜಲಾಗಲ್ವೇನೋ?" ಎಂದು ಅಕ್ಕ ಕೇಳಿದರು.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಆ ಪ್ರಶ್ನೆಯನ್ನು ಇದೇ ಊರಿನವರೊಬ್ಬರು ನೂರು ವರ್ಷಕ್ಕೂ ಹಿಂದೆ ಕೇಳಿದ್ದರು. ವೂ ಲಿಯೆನ್-ತೆ, 1879ರಲ್ಲಿ ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ವೈದ್ಯಕೀಯ ಓದಿದವರು. 1910ರ ಡಿಸೆಂಬರಿನ ಚಳಿಯಲ್ಲಿ ಚೀನಾ ಸರ್ಕಾರ ಅವರನ್ನು ಮಂಚೂರಿಯಾದ ಹಾರ್ಬಿನ್‌ಗೆ ಕಳಿಸಿತು. ಅಲ್ಲಿ ಪ್ಲೇಗು. ಇಲಿ, ಚಿಗಟಗಳ ಹಂಗಿಲ್ಲದೆ ಇದು ಉಸಿರಿನಿಂದ ಉಸಿರಿಗೆ ಹಾರುತ್ತಿದೆ ಎಂದರು ಡಾಕ್ಟರು; ಹತ್ತಿ, ತೆಳು ಜಾಳುಬಟ್ಟೆಯ (ಗಾಜ್) ಮುಖಗವಸು ಕಟ್ಟಿಸಿದರು. ಹಿರಿಯ ಫ್ರೆಂಚ್ ವೈದ್ಯ ಮೆನಿ ಇದನ್ನು ನಂಬದೆ ಬರಿಮುಖದಲ್ಲಿ ರೋಗಿಗಳ ಬಳಿ ಹೋದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಸುಮಾರು 60,000 ಮಂದಿ ಸತ್ತ ಆ ಪಿಡುಗು 1911ರ ವಸಂತದ ಹೊತ್ತಿಗೆ ನಿಂತಿತು.

ಮೇಷ್ಟ್ರಿಗೆ ಪ್ಲೇಗಿನ ಮೇಲೆ ಸ್ವಲ್ಪ ಮನೆಯ ಹಕ್ಕೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದ ಮೇಲೆಯೇ ಇಕ್ಕಟ್ಟಿನ ಪೇಟೆಯಿಂದ ಜನ ಮಲ್ಲೇಶ್ವರ, ಬಸವನಗುಡಿಗಳ ಅಗಲ ಬೀದಿಗಳಿಗೆ ಹೊರಟಿದ್ದು. ಪ್ಲೇಗಮ್ಮನ ಗುಡಿಗಳು ಊರಲ್ಲಿ ಇನ್ನೂ ಇವೆ.

ಹಾರ್ಬಿನ್ ಕಂಡು ಬಂದ ಮನುಷ್ಯ ಊಟದ ಮೇಜನ್ನು ಬಿಟ್ಟಾನೆಯೇ? ಒಂದೇ ಬಟ್ಟಲಿಗೆ ಎಲ್ಲರೂ ಕಡ್ಡಿ ಅದ್ದುವುದು ಕ್ಷಯಕ್ಕೆ ಆಹ್ವಾನ ಎಂಬುದು ಡಾಕ್ಟರ ವಾದ. ಹಾಗೆಂದು ತಲೆಗೊಂದು ತಟ್ಟೆ ಬಡಿಸಿದರೆ ಕೂಡಿ ಉಣ್ಣುವ ಸುಖವೇ ಹೋಯಿತು. ಅದಕ್ಕೇ 1915ರಲ್ಲಿ ವೈದ್ಯಕೀಯ ಪತ್ರಿಕೆಯೊಂದರ ಮೂಲಕ ಮೇಜಿನ ನಡುವೆ ತಿರುಗುವ ಮರದ ತಟ್ಟೆ ಇಡುವ ಉಪಾಯ ಮುಂದಿಟ್ಟರು. ಪ್ರತಿ ಖಾದ್ಯಕ್ಕೂ ಬೇರೆ ಚಮಚ.

ಇಂಥ ಮೇಜನ್ನು ಹೋಟೆಲುಗಳಲ್ಲಿ ಜನಪ್ರಿಯ ಮಾಡಿದ್ದು 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾನಿ ಕ್ಯಾನ್ ಎಂದು ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. ಬೇರಿಂಗ್ ಕೂರಿಸಿ ಸಲೀಸಾಗಿ ತಿರುಗುವಂತೆ ಮಾಡಿದ್ದೂ ಅಲ್ಲಿಯೇ ಅಂತೆ. "ಬೇರಿಂಗ್ ಯಾರು ಬೇಕಾದರೂ ಹಾಕಬಹುದು" ಎಂದು ಮೇಷ್ಟ್ರು ಆ ಮಾತನ್ನು ತಳ್ಳಿಹಾಕಿದರು.

ಅಷ್ಟರಲ್ಲಿ ಅಳಿಯ ಮೀನಿನ ಒಂದು ಮಗ್ಗುಲು ಮುಗಿಸಿ ನಡುಮೂಳೆ ಎತ್ತುತ್ತಿದ್ದ. ಅಕ್ಕ ಬಡಿಸುವ ಚಮಚವನ್ನು ಒರೆಸಿ ನೋಡಿ, "ಡಾಕ್ಟ್ರು ಬುದ್ಧಿವಂತರೇ ಕಣೋ. ಈಗ ಅದನ್ನ ಈ ಕಡೆ ತಿರುಗಿಸು, ಶ್ಯಾವಿಗೆ ಆರ್‍ತಾ ಇದೆ" ಎಂದರು.