ಊರು ದಾಟುವ ಪುಟ

ಲಗ್ನಪತ್ರಿಕೆ ಕೈಗೆ ಬಂದರೆ ನಮ್ಮ ಕಡೆಯ ಜನ ಮೊದಲು ಹುಡುಕುವುದು ತಮ್ಮ ಹೆಸರನ್ನು. ಮದುಮಗ, ಮದುಮಗಳು, ಅಕ್ಷತೆಯ ವೇಳೆ ಎಲ್ಲ ಆಮೇಲೆ. ನಾನು ಹುಡುಕುವುದು ಒತ್ತಕ್ಷರಗಳನ್ನು. ‘ಜ್ಯೇಷ್ಠ ಸುಪುತ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದೆಯೇ, ಅಂಚಿನ ಹೂಬಳ್ಳಿ ಒಂದು ಬದಿಗೆ ದಪ್ಪ ಇನ್ನೊಂದು ಬದಿಗೆ ಸಣ್ಣ ಉಳಿದಿದೆಯೇ, ಕರಿ ಅಕ್ಷರದ ಪಕ್ಕದಲ್ಲಿ ಕೆಂಪು ನೆರಳು ಇಣುಕಿದೆಯೇ. ಮನೆಯವರು ಇದಕ್ಕೆ ರೋಗ ಎನ್ನುತ್ತಾರೆ. ಇರಲಿ. ಸಂಜೆ ಶಾಲೆ ಬಿಟ್ಟ ಮೇಲೆ ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಊರ ರಾಜಕಾರಣ ಆಡುತ್ತಾರೆ. ನಾನು ಪುಟ ಕಟ್ಟುತ್ತೇನೆ.

ವರ್ಗಾವಣೆಯ ನೌಕರಿ ನನ್ನನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಕಡೆ ತಿರುಗಿಸಿದೆ. ನಾಲ್ಕೂ ಊರಲ್ಲಿ ಬಸ್‌ಸ್ಟ್ಯಾಂಡಿನ ಆಸುಪಾಸು, ಇಲ್ಲವೇ ತಹಸೀಲ್ದಾರ ಕಚೇರಿಯ ಎದುರು, ಅದೇ ಅಂಗಡಿ: ಝೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ, ಮೂಲೆಯಲ್ಲೊಂದು ಹಳೇ ಕಂಪ್ಯೂಟರಿನ ಮೇಲೆ ‘ಡಿಟಿಪಿ’ ಎಂಬ ಚೀಟಿ. ಅಂಗಡಿಯ ಹುಡುಗರಿಗೆ ನಾನು ಗಿರಾಕಿಯೂ ಅಲ್ಲ, ಕೆಲಸಗಾರನೂ ಅಲ್ಲ. ಸ್ಟೂಲು ಎಳೆದು ಕೊಡುತ್ತಾರೆ, ಚಹಾ ಹೇಳುತ್ತಾರೆ. “ಮಾಸ್ತರ, ಇದೊಂದ್ ಫೈಲ್ ನೋಡ್ರಿ, ಪ್ರೆಸ್ಸಿನ್ಯಾಗ ಅಕ್ಷರ ಒಡ್ಯಾಕತ್ತಾವ” ಎಂದರೆ ನನಗೆ ಹಬ್ಬ.

ಬಣ್ಣ ಬಳಿದು ಹೂವು ಕೂರಿಸುವ ಕೆಲಸದಲ್ಲಿ ನನಗೆ ಅಷ್ಟು ರುಚಿಯಿಲ್ಲ. ಗಣಪತಿಯ ಚಿತ್ರ ಸಾವಿರ ಸಿಗುತ್ತವೆ. ನನ್ನ ಸುಖ ಇರುವುದು ಅದರ ನಂತರದ ತಾಸಿನಲ್ಲಿ, ಪುಟ ಮುಗಿದು ಪಿಡಿಎಫ್ ಆಗುವ ನಡುವೆ. ನಮ್ಮಲ್ಲಿ ಪುಟ ಕಟ್ಟುವ ಊರು ಒಂದು, ಅಚ್ಚಾಗುವ ಊರು ಇನ್ನೊಂದು. ಇಂಡಿಯಲ್ಲಿ ಕಟ್ಟಿದ್ದು ಸೊಲ್ಲಾಪುರದಲ್ಲಿ, ಮುದ್ದೇಬಿಹಾಳದ್ದು ವಿಜಯಪುರದಲ್ಲೋ ಹುಬ್ಬಳ್ಳಿಯಲ್ಲೋ ಅಚ್ಚಾಗುತ್ತದೆ. ಅಲ್ಲಿ ಯಂತ್ರದ ಮುಂದೆ ನಿಂತವನಿಗೆ ನಮ್ಮ ಬೀಗರು ಗೊತ್ತಿಲ್ಲ, ‘ಗೋಲಗೇರಿ’ಯಲ್ಲಿ ಯಾವ ‘ಗ’ಕ್ಕೆ ಕೊಂಬು ಇಲ್ಲ ಎಂಬುದೂ ಗೊತ್ತಿರಬೇಕಿಲ್ಲ. ಕೇಳಲು ನಾನು ಪಕ್ಕದಲ್ಲಿರುವುದಿಲ್ಲ. ಪುಟ ತನ್ನಷ್ಟಕ್ಕೆ ತಾನೇ ನಿಲ್ಲಬೇಕು.

ಅಕ್ಷರ ಯಾಕೆ ಒಡೆಯುತ್ತವೆ? ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಕೊಟ್ಟ ಬರಹ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ ನಮ್ಮ ಕಡೆಯ ಅಚ್ಚಿನ ಕೆಲಸವನ್ನು ಇಷ್ಟು ವರ್ಷ ಹೊತ್ತವು. ಇವುಗಳ ಹಳೇ ಫಾಂಟುಗಳಲ್ಲಿ ಕನ್ನಡಕ್ಕೆಂದು ಬೇರೆ ಮನೆ ಇರಲಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲೇ ತಲೆಕಟ್ಟು, ಕೊಂಬು, ದೀರ್ಘ, ಒತ್ತುಗಳ ತುಂಡುಗಳನ್ನು ಕೂರಿಸಿದ್ದರು. ತೆರೆಯ ಮೇಲೆ ಕನ್ನಡ ಕಂಡರೂ ಫೈಲಿನೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚುತ್ತದೆ. ‘ಶ್ರೀ ಬಸವೇಶ್ವರ ಪ್ರಸನ್ನ’ ಇದ್ದಲ್ಲಿ ನೆತ್ತಿಯ ಮೇಲೆ ಗೀಟು, ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ದಂಡು.

1993ರಲ್ಲಿ ಅಡೋಬಿ ಕಂಪನಿ ಪಿಡಿಎಫ್ ತಂದದ್ದೇ ಈ ತಂಟೆ ತಪ್ಪಿಸಲು. ಪುಟಕ್ಕೆ ಬೇಕಾದ ಅಕ್ಷರರೂಪಗಳನ್ನು ಅದರ ಜೊತೆಗೇ ಕಟ್ಟಿ ಕಳಿಸುವುದು, ದೂರದ ಊರಿಗೆ ಹೊರಟವರ ಕೈಗೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕೊಟ್ಟ ಹಾಗೆ. ಆದರೆ ಪಿಡಿಎಫ್ ಅಂದಮಾತ್ರಕ್ಕೆ ಬುತ್ತಿ ಕಟ್ಟಿದೆ ಎಂದು ನಂಬಬಾರದು. ಕೆಲವು ಫಾಂಟುಗಳಿಗೆ ಮಾಡಿದವರೇ ‘ಜೊತೆ ಕಳಿಸಬೇಡಿ’ ಎಂಬ ಬೀಗ ಹಾಕಿರುತ್ತಾರೆ. ಅದಕ್ಕೇ ನಾನು ಪಿಡಿಎಫ್ ತೆರೆದೊಡನೆ ಪುಟ ನೋಡುವುದಿಲ್ಲ. ಪ್ರಾಪರ್ಟೀಸ್‌ಗೆ ಹೋಗಿ ಫಾಂಟುಗಳ ಪಟ್ಟಿ ಓದುತ್ತೇನೆ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್ ಸಬ್‌ಸೆಟ್’ ಎಂದಿದ್ದರೆ ಚಹಾಕ್ಕೆ ರುಚಿ ಬರುತ್ತದೆ. ಒಂದು ಹೆಸರಿನ ಮುಂದೆ ಇಲ್ಲದಿದ್ದರೂ ಆ ಅಕ್ಷರ ಪುಟದ ಯಾವ ಮೂಲೆಯಲ್ಲಿ ಕೂತಿದೆ ಎಂದು ಹುಡುಕಾಟ ಶುರು. ಬಹಳ ಸಲ ಅದು ಎಲ್ಲೋ ಉಳಿದ ಒಂದು ಖಾಲಿ ಜಾಗ, ಒಂದು ಸ್ಪೇಸ್.

ಅಂಗಡಿ ಹುಡುಗರ ದಾರಿ ಬೇರೆ. ಕೋರೆಲ್‌ನಲ್ಲಿ ಎಲ್ಲ ಆಯ್ದು ಕಂಟ್ರೋಲ್ ಕ್ಯೂ ಒತ್ತಿ ‘ಕರ್ವ್ ಹೊಡದೇನ್ರಿ’ ಎನ್ನುತ್ತಾರೆ. ಅಕ್ಷರ ಅಕ್ಷರವಾಗಿ ಉಳಿಯದೆ ಗೆರೆಗಳ ಚಿತ್ರವಾಗುತ್ತದೆ, ಇನ್ನು ಒಡೆಯುವ ಮಾತಿಲ್ಲ. ಪತ್ರಿಕೆ, ಪೋಸ್ಟರು, ಬ್ಯಾನರಿಗೆ ಇದು ಸರಿ. ಪುಸ್ತಕಕ್ಕೆ ಖಂಡಿತ ಬೇಡ. ಸಣ್ಣ ಅಕ್ಷರ ಅಚ್ಚಿನಲ್ಲಿ ಒಂದು ನೂಲು ದಪ್ಪವಾಗುತ್ತದೆ, ಫೈಲು ಭಾರವಾಗುತ್ತದೆ, ಆಮೇಲೆ ಒಂದು ಕಾಮಾ ತಿದ್ದಬೇಕೆಂದರೂ ತಿದ್ದಲಾಗದು. ಈ ಹುಡುಗರೊಂದಿಗೆ ನನ್ನ ನಿತ್ಯದ ಜಗಳ ಇದೊಂದೇ.

ಈಗ ಮಜಕೂರು ಬರುವುದು ವಾಟ್ಸಾಪಿನಲ್ಲಿ, ಯೂನಿಕೋಡಿನಲ್ಲಿ. ಅಂಗಡಿಯಲ್ಲಿ ಉಸಿರಾಡುತ್ತಿರುವುದು ಇನ್ನೂ ಪೇಜ್‌ಮೇಕರ್. 1985ರಲ್ಲಿ ಹುಟ್ಟಿ ಏಳನೇ ಆವೃತ್ತಿಗೆ ನಿಂತುಹೋದ ಅದಕ್ಕೆ ಯೂನಿಕೋಡ್ ತಿಳಿಯದು. ನಡುವೆ ಪರಿವರ್ತಕ ಬೇಕು, ಪರಿವರ್ತಕ ತನ್ನ ಕಮಿಷನ್ ಹಿಡಿಯುತ್ತದೆ. ‘ರಾಜ್‌ಕುಮಾರ’ ಎಂದು ಬಿಡಿಸಿ ಬರೆಯಲು ಜಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ದಾರಿಯಲ್ಲಿ ಬಿದ್ದುಹೋದರೆ ‘ರಾಜ್ಕುಮಾರ’ ಆಗಿ ಕೂರುತ್ತದೆ. ಅರ್ಕಾವತ್ತು ಹಿಂದುಮುಂದಾಗುತ್ತದೆ. ಇನ್‌ಡಿಸೈನಿನಲ್ಲಿ ಕೆಲಸ ಮಾಡುವವರಿಗೂ ಪೂರ್ತಿ ನೆಮ್ಮದಿಯಿಲ್ಲ. ಅದರಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸದಿದ್ದರೆ ಒತ್ತುಗಳು ಅಕ್ಷರದ ಕೆಳಗೆ ಹೋಗದೆ ಪಕ್ಕದಲ್ಲಿ ನಿಂತುಕೊಳ್ಳುತ್ತವೆ. ಹಾಗಾಗಿ ಮೂಲವನ್ನು ಫೋನಿನಲ್ಲಿ ತೆರೆದಿಟ್ಟು, ಪಿಡಿಎಫ್ ಅನ್ನು ಕಾಗದದ ಮೇಲೆ ತೆಗೆದು, ಒಬ್ಬರು ಓದಿ ಒಬ್ಬರು ನೋಡುವ ಹಳೇ ಪದ್ಧತಿಯೇ ಗಟ್ಟಿ.

ಬಸವನಬಾಗೇವಾಡಿಯಲ್ಲಿ ಶ್ರಾವಣ ಬಂತೆಂದರೆ ಜಾತ್ರೆಯ ಕರಪತ್ರಗಳ ಜೊತೆ ವಚನಗಳ ಕಿರುಹೊತ್ತಿಗೆಗಳ ಸುಗ್ಗಿ. ನನಗೆ ಅತಿ ಪ್ರೀತಿಯ ಕೆಲಸ ಇದು. ವಚನವನ್ನು ಪದ್ಯವೆಂದು ತಿಳಿದು ನಡುವಿಗೆ ಜೋಡಿಸಿ ಎರಡೂ ಬದಿ ಹೂ ಇಡುವವರಿದ್ದಾರೆ, ನನಗದು ಸೇರದು. ಎಡಕ್ಕೆ ಹಿಡಿದು ಸಾಲು ಎಲ್ಲಿ ಉಸಿರು ಬಿಡುತ್ತದೋ ಅಲ್ಲಿ ಮುರಿಯಬೇಕು. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಹದಿನೇಳು ಪಾಯಿಂಟಾದರೂ ಸಾಲಿನ ಅಂತರ ಕೊಡಬೇಕು. ಇಂಗ್ಲಿಷಿಗೆ ಸಾಲುವ ಜಾಗ ‘ಸ್ತ್ರೀ’, ‘ರಾಷ್ಟ್ರ’ಗಳಿಗೆ ಸಾಲದು, ಅವು ಕೆಳಗೆ ಎರಡು ಅಂತಸ್ತು ಕಟ್ಟಿಕೊಂಡಿವೆ. ಮುಖ್ಯವಾದ ಮಾತೆಂದರೆ ಅಂಕಿತವೊಂದೇ ಮುಂದಿನ ಪುಟಕ್ಕೆ ಜಾರಬಾರದು. ಪುಟದ ನೆತ್ತಿಯ ಮೇಲೆ ಕೂಡಲಸಂಗಮದೇವ ಒಬ್ಬನೇ ನಿಂತಿದ್ದರೆ ಎಂಥವರಿಗೂ ಕಸಿವಿಸಿ. ಸಾಲುಗಳು ಒಟ್ಟಿಗಿರಲಿ ಎಂಬ ಒಂದು ಗುರುತು ಹಾಕಿದರೆ ಸಾಕು, ಹಾಕುವವರು ಕಡಿಮೆ.

ಹೀಗೆ ಕೂತಾಗ ಫ.ಗು. ಹಳಕಟ್ಟಿಯವರು ನೆನಪಾಗುತ್ತಾರೆ. ತಾಡೋಲೆ ಕಟ್ಟುಗಳಿಂದ ಸಂಗ್ರಹಿಸಿದ ವಚನಗಳ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು, ಅದೂ ಬೆಳಗಾವಿಯಲ್ಲಿ ಅಚ್ಚಾಗಿ. ಹಸ್ತಪ್ರತಿ ಒಂದೂರಲ್ಲಿ, ಮೊಳೆ ಒಂದೂರಲ್ಲಿ. ಆ ತೊಡಕು ಬೇಡವೆಂದೇ ಇರಬೇಕು, ಇದ್ದ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ಸೀಸದ ಮೊಳೆ ಜೋಡಿಸಿದವರಿಗೆ ಅಕ್ಷರ ಒಡೆಯುವ ಭಯವಿರಲಿಲ್ಲ, ಕಣ್ಣೆದುರೇ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದಿರುತ್ತಿತ್ತು. ನಮಗೆ ಆ ಬಿಗಿ ಇಲ್ಲ, ಪಿಡಿಎಫ್‌ನಲ್ಲಿ ಅದನ್ನು ಮತ್ತೆ ತಂದುಕೊಳ್ಳಬೇಕು. ಅಚ್ಚಿಗೆಂದೇ 2001ರಲ್ಲಿ ರೂಪಿಸಿದ ‘ಪಿಡಿಎಫ್ ಎಕ್ಸ್ 1ಎ’ ಎಂಬ ಅಂತರರಾಷ್ಟ್ರೀಯ ಕಟ್ಟಳೆ ಮಾಡುವುದು ಇದನ್ನೇ: ಫಾಂಟ್ ಒಳಗಿರಬೇಕು, ಬಣ್ಣ ಅಚ್ಚಿನ ಬಣ್ಣವಾಗಿರಬೇಕು, ಕತ್ತರಿಸುವ ಗೆರೆ ಎಲ್ಲಿದೆ ಎಂದು ಹೇಳಿರಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಪಟ್ಟಿಯಲ್ಲಿ ಅದನ್ನು ಆರಿಸಿದರೆ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ.

ಉಳಿದರ್ಧ ಬಣ್ಣದ್ದು. ತೆರೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ನಾಲ್ಕು ಶಾಯಿಯಿಂದ. ಸಿಂದಗಿಯಲ್ಲಿ ಮಠದ ಕಾರ್ಯಕ್ರಮದ ಪೋಸ್ಟರುಗಳಲ್ಲಿ ನನ್ನ ಕಣ್ಣು ನಿಲ್ಲುವುದು ಕಾವಿಯ ಮೇಲೆ. ಫೋನಿನಲ್ಲಿ ಧಗಧಗಿಸುವ ಕಾವಿ ಕಾಗದದ ಮೇಲೆ ಇಟ್ಟಂಗಿಯಾಗುತ್ತದೆ. ಅದರಲ್ಲಿ ಸೇರಿಕೊಂಡ ನೀಲಿ ಶಾಯಿಯನ್ನು ತೆಗೆದರೆ ಮತ್ತೆ ಜೀವ ಬರುತ್ತದೆ. ವಿಭೂತಿಯ ಸೂಕ್ಷ್ಮ ಬೇರೆ. ಪೂರ್ತಿ ಬಿಳಿ ಮಾಡಿದರೆ ಅಲ್ಲಿ ಶಾಯಿಯೇ ಬೀಳದೆ ಹಣೆಯಲ್ಲಿ ಬರೀ ಕಾಗದ ಕಾಣುತ್ತದೆ, ಮೂರು ನಾಲ್ಕು ಪರ್ಸೆಂಟ್ ಚುಕ್ಕೆ ಉಳಿಸಬೇಕು. ಫೋಟೋ ಮಾತ್ರ ಎಲ್ಲರೂ ವಾಟ್ಸಾಪಿನಲ್ಲೇ ಕಳಿಸುವುದು. ಉದ್ದಕ್ಕೆ 1200 ಪಿಕ್ಸೆಲ್ ಇದ್ದರೆ ಇಂಚಿಗೆ 300ರಂತೆ 4 ಇಂಚು ಚೊಕ್ಕ ಬರುತ್ತದೆ. ಅದನ್ನು ಎರಡು ಅಡಿ ಮಾಡಿ ಎಂದರೆ ಮುಖ ಎಲ್ಲಿಂದ ತರುವುದು?

ಇನ್ನು ಕರಿಬಣ್ಣ. ಅಕ್ಷರದ ಕರಿ ಬರೀ ಕರಿ ಶಾಯಿಯದ್ದಾಗಿರಬೇಕು. ನಾಲ್ಕೂ ಶಾಯಿ ಬೆರೆತ ಕರಿಯಾದರೆ ಪ್ಲೇಟು ಕೂದಲೆಳೆ ಸರಿದರೂ ಒತ್ತಕ್ಷರಕ್ಕೆ ಕೆಂಪು, ನೀಲಿ ಬಾಲ ಬರುತ್ತವೆ. ಇದನ್ನು ಹಿಡಿಯಲು ಅಕ್ರೋಬ್ಯಾಟಿನಲ್ಲಿ ‘ಔಟ್‌ಪುಟ್ ಪ್ರಿವ್ಯೂ’ ಎಂಬ ಕಿಟಕಿಯಿದೆ, ಈ ಹವ್ಯಾಸದ ಸಕ್ಕರೆಯೆಲ್ಲ ಅಲ್ಲೇ. ಕರಿ ಪ್ಲೇಟಿನ ಮುಂದಿನ ಗುರುತು ತೆಗೆಯಿರಿ. ಹೆಸರು, ಮುಹೂರ್ತ, ಸ್ಥಳ, ಆಗಮನಾಭಿಲಾಷಿಗಳು ಎಲ್ಲರೂ ಒಂದೇ ಏಟಿಗೆ ಮಾಯವಾಗಬೇಕು. ಬರೀ ಹೂಬಳ್ಳಿ, ಅರಿಶಿನದ ನೆಲ ಉಳಿಯಬೇಕು. ಎಲ್ಲರೂ ಹೋದ ಮೇಲೂ ಒಬ್ಬ ಸೋದರಮಾವ ಕಂದು ಬಣ್ಣದಲ್ಲಿ ಕೂತಿದ್ದರೆ ಅವನನ್ನು ಹಿಡಿದು ಕರಿಗೆ ಕಳಿಸಬೇಕು. ಗುರುತು ಹಾಕುವುದು, ತೆಗೆಯುವುದು. ಕೆಲಸ ಮುಗಿದ ಮೇಲೂ ಸುಮ್ಮನೆ ಆಡುತ್ತಿರುತ್ತೇನೆ.

ಇಂಡಿ ನಿಂಬೆಯ ಊರು. ಪೆಟ್ಟಿಗೆಗೆ ಹಚ್ಚುವ ಲೇಬಲ್ಲಿನಲ್ಲಿ ಹಳದಿ ಅಂಚಿನವರೆಗೂ ಇರಲೇಬೇಕು. ಕತ್ತರಿ ಯಂತ್ರ ಒಂದು ಅಟ್ಟಿಯನ್ನು ಒಮ್ಮೆಲೇ ಕೊಯ್ಯುವಾಗ ಹಾಳೆ ತುಸು ಸರಿಯುತ್ತವೆ, ಬಿಳಿ ಗೆರೆ ಮಿಂಚುತ್ತದೆ. ಅದಕ್ಕೆ ಬಣ್ಣವನ್ನು ಗೆರೆಯಾಚೆ 3 ಮಿಲಿಮೀಟರ್ ಚೆಲ್ಲಬೇಕು, ಇದಕ್ಕೆ ಬ್ಲೀಡ್ ಎನ್ನುತ್ತಾರೆ. ಬೀಗರು ಸೊಲ್ಲಾಪುರದವರಾದರೆ ಇಂಡಿಯಲ್ಲಿ ಪತ್ರಿಕೆಯ ಅರ್ಧ ಮರಾಠಿ. ದೇವನಾಗರಿ ಮೇಲಿನ ಗೆರೆಗೆ ಜೋತುಬೀಳುತ್ತದೆ, ನಮ್ಮ ಲಿಪಿ ಕೆಳಕ್ಕೆ ಒತ್ತು ಚೆಲ್ಲುತ್ತದೆ. ಎರಡನ್ನೂ ಒಂದೇ ಅಳತೆಯಲ್ಲಿಟ್ಟರೆ ಒಂದು ಮನೆತನ ಸಣ್ಣದಾಗಿ ಕಂಡು ಮನಸ್ತಾಪ. ಇದಕ್ಕೆ ಸೂತ್ರವಿಲ್ಲ, ಕಣ್ಣಳತೆಯೇ.

ಮುದ್ದೇಬಿಹಾಳದಲ್ಲಿ ಶಾಲೆಗಳ ಸ್ಮರಣ ಸಂಚಿಕೆಗಳ ಸೊಗಸು. ಪುಟ 16ರ ಮಗ್ಗಿಯಲ್ಲಿ ಬಂದರೆ ಕಾಗದ ವ್ಯರ್ಥವಿಲ್ಲ. ಲೆಕ್ಕ ಕೂಡಿಸಿ ಮುಗಿಸುವ ಹೊತ್ತಿಗೆ ನಿವೃತ್ತ ಗುರುಗಳೊಬ್ಬರು ಇನ್ನೊಂದು ಲೇಖನ ತರುತ್ತಾರೆ. ಬೇಡ ಎನ್ನಲಾದೀತೇ? ಕಿರಾಣಿ ಅಂಗಡಿಯ ಶುಭಾಶಯ ಅರ್ಧ ಪುಟಕ್ಕಿಳಿಯುತ್ತದೆ.

ಪಿಡಿಎಫ್ ಕಳಿಸಿ, ‘ಫಿಟ್ ಟು ಪೇಜ್ ಬ್ಯಾಡ್ರಿ, ಇದ್ದಷ್ಟ ಸೈಜ್ ತಗೀರಿ’ ಎಂದು ಪ್ರೆಸ್ಸಿನವರಿಗೆ ಫೋನೂ ಮಾಡಿ, ಮೂಲ ಫೈಲನ್ನು ಕರ್ವ್ ಹೊಡೆಯದೆ ಬೇರೆ ಫೋಲ್ಡರಿನಲ್ಲಿಟ್ಟು ಎದ್ದಿರುತ್ತೇನೆ. ಬಾಗಿಲಲ್ಲಿ ಮದುಮಗಳ ಕಾಕಾ.

“ಸರ, ಒಂದ್ ಹೆಸರ ಉಳದದ ನೋಡ್ರಿ. ಹೊರ್ತಿ ಅತ್ತಿಯವರು. ಹಾಕಲಿಲ್ಲಂದ್ರ ಲಗ್ನಕ್ಕ ಬರಂಗಿಲ್ಲಂತ.”

“ಎಲ್ಲಿ ಹಾಕೂದ್ರಿ ಕಾಕಾ, ಸಾಲು ತುಂಬ್ಯಾವ.”

“ಮ್ಯಾಲ ಹಾಕ್ರಿ. ಕೆಳಗ ಹಾಕಿದ್ರನೂ ಬರಂಗಿಲ್ಲ.”

ಪ್ರೆಸ್ಸಿಗೆ ಮತ್ತೆ ಫೋನು, ಪ್ಲೇಟ್ ತಡೆಯಿರಿ ಎಂದು. ಸ್ಟೂಲು ಎಳೆದುಕೊಂಡು ಮೂಲ ಫೈಲ್ ತೆರೆಯುತ್ತೇನೆ. ಅತ್ತೆಯವರ ಹೆಸರಿನಲ್ಲಿ ಎರಡು ಒತ್ತಕ್ಷರ ಬೇರೆ.