ನೇತ್ರಾಣಿಯ ನೀರಿನಡಿಯಲ್ಲಿ

ಕೊಣನೂರಿನವರಾದ ನಮಗೆ ನೀರೆಂದರೆ ಕಾವೇರಿ. ಮೀನೆಂದರೆ ನೆರೆಯ ರಾಮನಾಥಪುರದ ವಹ್ನಿ ಪುಷ್ಕರಿಣಿಯ ಮೀನು. ಇಂತಹ ನಾವು ಕಳೆದ ಬೇಸಗೆಯಲ್ಲಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೋಣಿಯಲ್ಲಿ ಸಾಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಕ್ಯಾಮೆರಾದೊಡನೆ ನೇತ್ರಾಣಿ ದ್ವೀಪದ ಬಳಿ ಸಮುದ್ರಕ್ಕಿಳಿದೆವು.

ನೀರು ಎಲ್ಲಕ್ಕಿಂತ ಮೊದಲು ಕೆಂಪು ಬಣ್ಣವನ್ನು ನುಂಗುವುದು. ಆದುದರಿಂದ ದೂರದಿಂದ ತೆಗೆದ ಚಿತ್ರಗಳೆಲ್ಲವೂ ಬರಿಯ ನೀಲಿಯಾದುವು. ಸಮೀಪಕ್ಕೆ ಹೋಗಿ ದೀಪ ಹಿಡಿದಾಗಲೇ ಹವಳದ ನಿಜವಾದ ಬಣ್ಣವು ತೋರಿತು.

ಒಂದೆಡೆ ಹವಳವು ಸುಣ್ಣದಂತೆ ಬೆಳ್ಳಗಿದ್ದಿತು. ನಾವು ಅದನ್ನು ಸೊಬಗೆಂದೇ ಬಗೆದೆವು. ಆದರೆ ನೀರಿನ ಬಿಸಿ ಮಿತಿಮೀರಿದಾಗ ಹವಳದ ಜೀವಿಯು ತನಗೆ ಆಹಾರವನ್ನೀಯುವ ಪಾಚಿಯನ್ನೇ ಹೊರದೂಡುವುದು. ಆ ಬಿಳುಪು ಹಸಿವಿನ ಗುರುತು. ನೀರು ಬೇಗನೆ ತಣಿದರೆ ಅದು ಮತ್ತೆ ಚೇತರಿಸಿಕೊಂಡೀತು. ಆ ಚಿತ್ರದ ಹಿಂದೆ ದಿನಾಂಕವನ್ನು ಬರೆದಿಟ್ಟಿರುವೆವು. ಮುಂದಿನ ವರ್ಷ ಅದೇ ಹವಳವನ್ನು ಕಂಡು ಬರಬೇಕು.